ನುಸಿಯಕ್ಕನ ನೀಲಿ ಪೆಟ್ಟಿಗೆ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಮೂರಂತಸ್ತಿನ ಕಟ್ಟಡದ ತಾರಸಿಯ ಮೇಲೆ, ನೀರಿನ ಟ್ಯಾಂಕಿಗೂ ಬಟ್ಟೆ ಒಣಹಾಕುವ ತಂತಿಗೂ ನಡುವೆ, ಹೆಂಗಸೊಬ್ಬರು ಮಂಡಿಯೂರಿ ಕೂತು ಜೇನುಪೆಟ್ಟಿಗೆಯ ಅಡಿಯಿಂದ ಬಿಳಿ ತಟ್ಟೆಯೊಂದನ್ನು ಮೆಲ್ಲಗೆ ಎಳೆಯುತ್ತಿದ್ದಾರೆ. ಗಡಿಯಾರ ರಿಪೇರಿಯವರು ಕಣ್ಣಿಗೆ ಸಿಕ್ಕಿಸಿಕೊಳ್ಳುವ ಭೂತಗನ್ನಡಿ ಅವರ ಬಲಗಣ್ಣಿನಲ್ಲಿದೆ. ತಟ್ಟೆಗೆ ಎಣ್ಣೆ ಸವರಿದೆ. ಎಣ್ಣೆಯಲ್ಲಿ ಮೇಣದ ಚೂರು, ಮುರಿದ ರೆಕ್ಕೆ, ಕಸ. ಅವರು ಹುಡುಕುತ್ತಿರುವುದು ಅವನ್ನಲ್ಲ, ಚಪ್ಪಟೆ ಮಾಡಿದ ರಾಗಿ ಕಾಳಿನಂಥ ಇನ್ನೊಂದನ್ನು. ಅದು ವರೋವಾ ನುಸಿ. ಜೇನುಹುಳದ ಮೈಗೆ ಅಂಟಿಕೊಂಡು ಅದನ್ನೇ ತಿಂದು ಬದುಕುತ್ತದೆ, ಮರಿಹುಳುವಿನ ಪಕ್ಕದಲ್ಲೇ ತನ್ನ ಸಂಸಾರ ಬೆಳೆಸುತ್ತದೆ, ಸುಮ್ಮನೆ ಬಿಟ್ಟರೆ ಇಡೀ ಪೆಟ್ಟಿಗೆಯನ್ನೇ ಮುಗಿಸುತ್ತದೆ.

"ನಲವತ್ತರ ಹತ್ರ ಬಿದ್ದಿದಾವೆ," ಎನ್ನುತ್ತಾರೆ. ಮುಖದಲ್ಲಿ ನಗು. ಅಭಿನಂದಿಸಬೇಕೋ ಅಯ್ಯೋ ಅನ್ನಬೇಕೋ ತಿಳಿಯದೆ ನಾನು ಪೆನ್ನು ಹಿಡಿದು ನಿಂತಿದ್ದೇನೆ.

"ಇದಕ್ಕೆ ಮೊನ್ನೆ ಔಷಧಿ ಹಾಕಿದೀನಿ ಸರ್. ಔಷಧಿ ಹಾಕಿದ್ಮೇಲೆ ಜಾಸ್ತಿ ಬಿದ್ರೆ ಒಳ್ಳೇದು, ಸಾಯ್ತಾ ಇವೆ ಅಂತ. ಹಾಕದೇನೇ ಜಾಸ್ತಿ ಬಿದ್ರೆ ಕೆಟ್ಟದ್ದು, ಒಳಗೆ ತುಂಬ್ಕೊಂಡಿದಾವೆ ಅಂತ."

ಕಡಿಮೆ ಬಿದ್ದರೆ?

"ಅದು ಎರಡೂ ಆಗಬಹುದು."

ಬರೆದುಕೊಂಡದ್ದನ್ನು ಹೊಡೆದುಹಾಕುತ್ತೇನೆ. ಇವತ್ತು ಹೊಡೆದುಹಾಕುವುದು ಇದೇ ಕೊನೆಯಲ್ಲ.

ಸುತ್ತಲಿನ ಬೀದಿಗಳಲ್ಲಿ ಜೇನು ಸಾಕುವವರಿಗೆಲ್ಲ ಇವರು 'ನುಸಿಯಕ್ಕ'. ನಿಜವಾದ ಹೆಸರು ಅರ್ಧಕ್ಕರ್ಧ ಜನಕ್ಕೆ ಗೊತ್ತಿಲ್ಲ. ಒಮ್ಮೆ ಬಸ್ಸಿನಲ್ಲಿ ಯಾರೋ ಹಿಂದಿನಿಂದ ಹಾಗೇ ಕೂಗಿದ್ದಕ್ಕೆ ಪಕ್ಕದಲ್ಲಿ ಕೂತಿದ್ದವರು ಎದ್ದು ಬೇರೆ ಸೀಟಿಗೆ ಹೋದರಂತೆ. ಹಗಲು ಗಡಿಯಾರದ ಅಂಗಡಿಯಲ್ಲಿ ಕೆಲಸ. ಅದಕ್ಕೂ ಮುಂಚೆ, ದಿನಕ್ಕೆ ಐದಾರರಂತೆ, ಊರವರ ಮೂವತ್ತೆಂಟು ಪೆಟ್ಟಿಗೆಗಳ ತಪಾಸಣೆ. ಬಿಸಿಲು ಬಿದ್ದ ಮೇಲೆ ಅರ್ಧ ಲೋಟದಷ್ಟು ಹುಳಗಳನ್ನು ಜಾಡಿಗೆ ತುಂಬಿ, ಮೇಲೆ ಸಕ್ಕರೆ ಪುಡಿ ಸುರಿದು, ಜಾಲರಿ ಮುಚ್ಚಳ ಹಾಕಿ ಉರುಳಿಸುತ್ತಾರೆ. ಹಿಡಿತ ತಪ್ಪಿದ ನುಸಿಗಳು ಪುಡಿಯ ಜೊತೆ ಉದುರುತ್ತವೆ. ಹುಳಗಳು ಹಿಟ್ಟಿನ ಗಿರಣಿಯಿಂದ ಬಂದವರಂತೆ ಬೆಳ್ಳಗಾಗಿ, ಗೊಣಗುತ್ತಾ ಮನೆ ಸೇರುತ್ತವೆ.

ಈ ತಾರಸಿಯ ಜೇನು ಅವರ ಮಾವ ಶುರುಮಾಡಿದ್ದು. ಹನ್ನೊಂದು ಪೆಟ್ಟಿಗೆ ಇದ್ದವು. ಮಾವ ಹಾಸಿಗೆ ಹಿಡಿದ ವರ್ಷ ಹುಳಗಳು ಮುದುಡಿದ ರೆಕ್ಕೆ ಹೊತ್ತು ತಾರಸಿ ತುಂಬ ತೆವಳತೊಡಗಿದವು. ಸೊಸೆಗೆ ಆಗ ನುಸಿಯ ಗಂಧಗಾಳಿಯೂ ಇರಲಿಲ್ಲ. "ಚಳಿಗೆ ಅಂದ್ಕೊಂಡೆ. ದಿನಾ ಪೊರಕೇಲಿ ಗುಡಿಸಿ ಹಾಕ್ದೆ ಸರ್." ಮಾವ ಹೋಗುವ ಹೊತ್ತಿಗೆ ಉಳಿದದ್ದು ಒಂದೇ, ಮೂಲೆಯ ನೀಲಿ ಪೆಟ್ಟಿಗೆ. ಈಗ ಇಲ್ಲಿರುವ ಬೇರೆ ಪೆಟ್ಟಿಗೆಗಳೆಲ್ಲ ಆಮೇಲೆ ಸೊಸೆ ತಂದವು.

ನಾನು ಇಲ್ಲಿಗೆ ಬಂದದ್ದೇ ಆ ನೀಲಿ ಪೆಟ್ಟಿಗೆಯ ಸುದ್ದಿ ಕೇಳಿ. ಈ ವರ್ಷ ಅದಕ್ಕೆ ನುಸಿಯಕ್ಕ ಔಷಧಿಯನ್ನೇ ಹಾಕಿಲ್ಲ. ಆ ಹುಳಗಳು ನುಸಿಯನ್ನು ತಾವೇ ಎದುರಿಸುತ್ತವೆಯೇ ಎಂದು ನೋಡುವ ಆಸೆ. "ಶುರುನಲ್ಲಿ ಒಂದು ವಾರ ಸಿಕ್ಕಾಪಟ್ಟೆ ಬಿದ್ವು, ಇನ್ನು ಇದೂ ಹೋಯ್ತು ಅಂದ್ಕೊಂಡೆ. ಆಮೇಲೆ ತಾನಾಗೇ ಇಳೀತು. ಈಗ ಮೂರು, ನಾಕು, ಅಷ್ಟೆ." ಬಿದ್ದ ನುಸಿಗಳಲ್ಲಿ ಕೆಲವಕ್ಕೆ ಕಾಲೇ ಇಲ್ಲ. ಜೇನುಹುಳಗಳೇ ಕಚ್ಚಿ ಕಿತ್ತಿರಬೇಕೆಂದು ಅವರ ಊಹೆ. ಸುದ್ದಿ ಬೀದಿಯಿಂದ ಬೀದಿಗೆ ಹರಡಿದೆ. ನಾಳೆ ಭಾನುವಾರ ನಾಲ್ವರು ಬಂದು ಈ ಪೆಟ್ಟಿಗೆಯ ಮೊಟ್ಟೆಗಳನ್ನು ಒಯ್ದು ತಮ್ಮಲ್ಲಿ ಹೊಸ ರಾಣಿಗಳನ್ನು ಬೆಳೆಸುವವರಿದ್ದಾರೆ. ಅವರಲ್ಲೊಬ್ಬರಾದ ಬೇಕರಿಯವರಂತೂ ಇನ್ನು ಔಷಧಿಯ ಸಹವಾಸವೇ ಬೇಡ ಎಂದು ಈಗಾಗಲೇ ಕೈತೊಳೆದುಕೊಂಡಿದ್ದಾರೆ. ನುಸಿಯಕ್ಕನ ಊಹೆ ಸುಳ್ಳಾದರೆ ಬೇಕರಿಯವರ ಹಿತ್ತಲಲ್ಲೂ ಹುಳಗಳು ತೆವಳತೊಡಗುತ್ತವೆ.

ನಾಳೆಗೆ ನಾನು ಲೇಖನ ಒಪ್ಪಿಸಬೇಕು, ಇವತ್ತೇ ತೆರೆದು ತೋರಿಸಿ ಎಂದು ದುಂಬಾಲು ಬೀಳುತ್ತೇನೆ. ಅಷ್ಟರಲ್ಲಿ ಚಹಾ ಹಿಡಿದು ಮೇಲೆ ಬಂದ ಅವರ ಅತ್ತೆ, "ಇವತ್ತು ಬೇಡ, ಗಾಳಿ ಇದೆ," ಎನ್ನುತ್ತಾರೆ. ತಂತಿಯ ಮೇಲಿನ ಟವೆಲ್ಲು ಅಲ್ಲಾಡುತ್ತಿಲ್ಲ. ಸೊಸೆ ನಕ್ಕು ಮುಚ್ಚಳ ಎತ್ತುತ್ತಾರೆ.

ಒಳಗೆ ಸಾಲಾಗಿ ನಿಂತ ಮೇಣದ ಎರಿಗಳ ಮೇಲೆ ನಾಲ್ಕು ಮಡಿಕೆಯ ಒದ್ದೆ ಬಟ್ಟೆ. ಓಮದ ಘಾಟು ಮುಖಕ್ಕೆ ಹೊಡೆಯುತ್ತದೆ. ಉಳಿದ ಪೆಟ್ಟಿಗೆಗಳಿಗೆ ಹಾಕುವುದೂ ಓಮದ ಸತ್ವದ ಇದೇ ಔಷಧಿ. ತಾರಸಿಯೆಲ್ಲ ಅದೇ ವಾಸನೆ ಇರುವಾಗ ಇದೊಂದರಲ್ಲಿ ಯಾರಿಗೆ ತಾನೇ ಗೊತ್ತಾದೀತು?

"ನಾನೇ ಮರೆತು ಹಾಕಿದ್ನಾ?" ಎನ್ನುತ್ತಾ ನುಸಿಯಕ್ಕ ಬಟ್ಟೆ ಬಿಡಿಸುತ್ತಾರೆ. ಹಳದಿ ಹೂವಿನ ಹಳೇ ದಿಂಬಿನ ಚೀಲದ ತುಂಡು. ಇಬ್ಬರೂ ಅತ್ತೆಯ ಕಡೆ ತಿರುಗುತ್ತೇವೆ.

"ಪ್ರತಿ ಭಾನುವಾರ ನೀನು ಮುಚ್ಚಳ ತೆಗೆಯೋದ್ರೊಳಗೆ ಬಟ್ಟೆ ಎತ್ತಿಟ್ಬಿಡ್ತಿದ್ದೆ," ಎನ್ನುತ್ತಾರೆ ಅತ್ತೆ. "ಈ ಪುಣ್ಯಾತ್ಮ ಶನಿವಾರನೇ ಬಂದ."

ಸೊಸೆ ಬೋರಲು ಹಾಕಿದ ಬಕೆಟ್ಟಿನ ಮೇಲೆ ಕೂರುತ್ತಾರೆ. ಕಣ್ಣಿನ ಗಾಜು ತೆಗೆಯುವುದೂ ಮರೆತಿದೆ. "ಶುರುನಲ್ಲಿ ಅಷ್ಟೊಂದು ಬಿದ್ವಲ್ಲ ಅತ್ತೆ, ಆ ವಾರ..."

"ಹಾಕೋಕೆ ಶುರುಮಾಡಿದ್ದು ಆಗ್ಲೇ."

ಔಷಧಿ ಹಾಕಿದ ಮೇಲೆ ಜಾಸ್ತಿ ಬೀಳುತ್ತವೆ ಎಂದು ಆಗಲೇ ನನಗೆ ಬಿಡಿಸಿ ಹೇಳಿದ ಪಾಠ ಅದು. ಊರಿಗೆಲ್ಲ ಹೇಳುವವರು ಸ್ವಂತ ತಟ್ಟೆಯಲ್ಲೇ ಅದನ್ನು ಓದಲಾಗದೆ ಹೋದರಲ್ಲ ಎಂದು ನನಗೆ ಕಸಿವಿಸಿಯಾಗುತ್ತದೆ. ಸೊಸೆ ಅತ್ತೆಯನ್ನು ಬೈಯುತ್ತಾರೇನೋ ಎಂದುಕೊಳ್ಳುತ್ತೇನೆ, ಬೈಯುವುದಿಲ್ಲ.

"ನಿಮ್ಮ ಮಾವನ ಕೈಯಿಂದ ಉಳಿದಿದ್ದು ಅದೊಂದೇ ಕಣೇ," ಅತ್ತೆ ಚಹಾ ಲೋಟ ಕೆಳಗಿಡುತ್ತಾರೆ. "ಪರೀಕ್ಷೆ ಮಾಡೋಕೆ ನಿಂಗೆ ಬೇರೆ ಪೆಟ್ಟಿಗೆ ಸಿಗಲಿಲ್ವಾ?"

"ಎಲ್ಲಾ ಸತ್ತಾಗ ಉಳಿದಿದ್ದು ಅದೊಂದೇ ಅಲ್ವಾ ಅತ್ತೆ. ಅದಕ್ಕೇ ಅದನ್ನ ಆರಿಸ್ಕೊಂಡೆ."

ಹಾಗಾದರೆ ಕಚ್ಚಿದ ಕಾಲುಗಳು, ಎಂದು ಕೇಳುತ್ತೇನೆ. ಈಗ ತಲೆ ಕೆಟ್ಟಿರುವುದು ನನಗೊಬ್ಬನಿಗೇ ಅಲ್ಲ. "ಔಷಧಿ ಕಾಲು ಕಚ್ಚಲ್ಲ ಸರ್. ಹುಳಗಳೇ ಕಚ್ಚಿರಬಹುದು. ಇಲ್ಲಾ, ಸತ್ತು ಬಿದ್ಮೇಲೆ ಇರುವೆ ಎಳೆದಿರಬಹುದು. ತಾಕತ್ತಿರೋದು ಹುಳಗಳಿಗೋ, ಅತ್ತೆ ಔಷಧಿಗೋ, ಇಲ್ಲಾ ಎರಡೂ ಸೇರೀನೋ. ನಂಗೆ ಏನೂ ಗೊತ್ತಿಲ್ಲ ಅಂತ ಬರ್ಕೊಳಿ."

ಬರೆದುಕೊಳ್ಳುತ್ತೇನೆ. ಇದೊಂದನ್ನು ಹೊಡೆದುಹಾಕುವುದಿಲ್ಲ.

ಮೊದಲ ಫೋನು ಬೇಕರಿಯವರಿಗೆ. "ನಾಳೆ ಬರಬೇಡಿ. ನೀಲಿ ಪೆಟ್ಟಿಗೆಗೆ ಔಷಧಿ ಬಿದ್ದಿದೆ, ನಾನು ಹೇಳಿದ್ದು ಲೆಕ್ಕಕ್ಕಿಲ್ಲ. ನಿಮ್ಮ ಪೆಟ್ಟಿಗೆಗಳಿಗೆ ಇವತ್ತೇ ಔಷಧಿ ಹಾಕಿ." ಆ ಕಡೆಯಿಂದ ಜೋರು ದನಿ, ತಪ್ಪು ಯಾರದು ಎಂದು ಕೇಳುತ್ತಿರುವುದು ನನಗೂ ಕೇಳಿಸುತ್ತದೆ. ನುಸಿಯಕ್ಕ ಅತ್ತೆಯನ್ನೊಮ್ಮೆ ನೋಡಿ, "ನಮ್ಮನೇದು," ಎಂದು ಮುಂದಿನ ಮೂವರಿಗೂ ಅದನ್ನೇ ಹೇಳುತ್ತಾರೆ.

ಅಂಗಡಿಗೆ ಹೊತ್ತಾಗುತ್ತಿದೆ. ನಿಮಗೇನು ಆಸೆ ಎಂದು, ಇಂಥ ಲೇಖನಗಳಿಗೆ ಕೇಳಲೇಬೇಕಾದ್ದನ್ನು ನಾನೂ ಕೇಳುತ್ತೇನೆ. "ಗೊತ್ತಾಗ್ಬೇಕು ಸರ್, ಅಷ್ಟೇ. ಹೌದು ಅಂತಾದ್ರೂ ಸರಿ, ಇಲ್ಲ ಅಂತಾದ್ರೂ ಸರಿ." ಆಮೇಲೆ ಅತ್ತೆಯ ಕಡೆ ತಿರುಗಿ ಮೆತ್ತಗೆ ಕೇಳುತ್ತಾರೆ: "ಇವತ್ತಿಂದ ಮತ್ತೆ ಬಿಟ್ಟು ನೋಡ್ಲಾ? ದಿನಾ ತಟ್ಟೆ ನೋಡ್ತೀನಿ. ಕೈ ಮೀರತ್ತೆ ಅನ್ಸಿದ ದಿನಾನೇ ನಾನೇ ಔಷಧಿ ಹಾಕ್ತೀನಿ. ಆದ್ರೂ ಪೆಟ್ಟಿಗೆ ಹೋದ್ರೆ ಹೋಗಬಹುದು. ನೀವು ಬೇಡ ಅಂದ್ರೆ ಬೇಡ."

ಅತ್ತೆ ಮೆಟ್ಟಿಲಿಳಿದು ಹೋಗುತ್ತಾರೆ. ಕೆಳಗೆ ಕಪಾಟಿನ ಬಾಗಿಲು ತೆರೆದ ಸದ್ದು. ಮತ್ತೆ ಏದುಸಿರು ಬಿಡುತ್ತಾ ಮೇಲೆ ಬಂದಾಗ ಕೈಯಲ್ಲಿ ಅರ್ಧ ಖಾಲಿಯಾದ ಔಷಧಿ ಬಾಟಲಿ. ಅದನ್ನು ಸೊಸೆಯ ಮಡಿಲಿಗೆ ಹಾಕಿ ಹೇಳುತ್ತಾರೆ: "ನೀನೇ ಇಟ್ಕೋ. ನನ್ನ ಕೈಲಿದ್ರೆ ಮತ್ತೆ ಹಾಕ್ತೀನಿ."