ಅಣ್ಣ ಇಟ್ಟುಹೋದ ವೋಲ್ಟೇಜು

ನನಗೆ ಸೋಲಾರ್ ಕೆಲಸ ಕಲಿಸಿದವರನ್ನು ನಾನು ಅಣ್ಣ ಎಂದೇ ಕರೆಯುತ್ತಿದ್ದೆ. ಅವರು ರಾಯಚೂರು ಕಡೆಯವರು, ನಾನು ಬೀದರಿನವನು. ಅಮೀರ್‌ಪೇಟೆಯಲ್ಲಿ ಸಾಫ್ಟ್‌ವೇರ್ ಕೋರ್ಸು ಮುಗಿಸಿ, ಎಲ್ಲೂ ಕೆಲಸ ಸಿಗದೆ ಅಲೆಯುತ್ತಿದ್ದವನನ್ನು ಅವರೇ ಜೊತೆಗೆ ಕರೆದುಕೊಂಡರು. ಗಚ್ಚಿಬೌಲಿಯಲ್ಲಿ ಅಪಾರ್ಟ್‌ಮೆಂಟುಗಳು ಒಂದರ ಹಿಂದೊಂದು ಏಳುತ್ತಿದ್ದ ಕಾಲ. ಅವುಗಳ ತಾರಸಿಯ ಮೇಲೆ ನಾವಿಬ್ಬರೂ ಎಂಟು ವರ್ಷ ಪ್ಯಾನೆಲ್ ಜೋಡಿಸಿದೆವು.

ಅಣ್ಣ ತೀರಿಕೊಂಡದ್ದೂ ಅಂಥದೇ ಒಂದು ತಾರಸಿಯಲ್ಲಿ. ಏಪ್ರಿಲ್ ಮಧ್ಯಾಹ್ನ. "ಯಾಕೋ ಬಾಯಿ ಒಣಗಾಕತ್ತೈತಿ, ಒಂಚೂರು ನೀರ್ ತೊಗೊಂಬಾ" ಎಂದರು. ಕೆಳಗಿಳಿದವನು ವಾಚ್‌ಮನ್ ಕೋಣೆಯ ನೆರಳಲ್ಲಿ ಕೂತು ಫೋನಿನಲ್ಲಿ ಮಾತಿಗೆ ಬಿದ್ದೆ. ಬಾಟಲಿ ಹಿಡಿದು ಮೇಲೆ ಹೋದಾಗ ಅರ್ಧ ಗಂಟೆ ಕಳೆದಿತ್ತು. ಅಣ್ಣ ಪ್ಯಾನೆಲ್ಲಿನ ಚೌಕಟ್ಟಿಗೆ ಒರಗಿ ಕೂತಿದ್ದರು, ಸ್ಪ್ಯಾನರ್ ಇನ್ನೂ ಕೈಯಲ್ಲೇ ಇತ್ತು. ಆಸ್ಪತ್ರೆಯಲ್ಲಿ ಹೃದಯಾಘಾತ ಎಂದರು. ಆ ಅರ್ಧ ಗಂಟೆಯ ವಿಷಯ ಯಾರೂ ಕೇಳಲಿಲ್ಲ. ನಾನೂ ಹೇಳಲಿಲ್ಲ.

ಅವರ ಮನೆ ಗಚ್ಚಿಬೌಲಿ ದಾಟಿದ ಮೇಲೆ, ಜಮೀನಿನ ತಕರಾರಿನಿಂದಾಗಿ ಕರೆಂಟಿನ ಲೈನ್ ಬಾರದೆ ಉಳಿದ ಒಂದು ಬಡಾವಣೆಯಲ್ಲಿತ್ತು. ಸುತ್ತ ನಾಲ್ಕೂ ದಿಕ್ಕಿಗೆ ಗಾಜಿನ ಆಫೀಸುಗಳು, ನಡುವೆ ಇವರ ಮನೆಗೆ ಮಾತ್ರ ತಾರಸಿಯ ಬಿಸಿಲೇ ಗತಿ. ಅಣ್ಣ ಮೆಟ್ಟಿಲ ಕೆಳಗಿನ ಗೂಡಿನಲ್ಲಿ ಆಸಿಡ್ ಬ್ಯಾಟರಿಗಳನ್ನು ಸಾಲಾಗಿಟ್ಟು, ಪ್ಯಾನೆಲ್ಲಿನ ಕರೆಂಟನ್ನು ಅಳತೆಮಾಡಿ ಬ್ಯಾಟರಿಗೆ ಬಿಡುವ ಚಾರ್ಜ್ ಕಂಟ್ರೋಲರಿನಲ್ಲಿ ಪ್ರತಿ ಅಂಕಿಯನ್ನೂ ಸ್ವತಃ ಹೊಂದಿಸಿಟ್ಟಿದ್ದರು. ಅವರು ಹೋಗಿ ಒಂದು ವರ್ಷಕ್ಕೆ ಆ ಬ್ಯಾಟರಿಗಳೂ ಸೋತವು. ಅವರ ಹೆಂಡತಿಯನ್ನು ನಾನು ವೈನಿ ಎನ್ನುತ್ತೇನೆ, ಅತ್ತಿಗೆ ಎಂದು. ಲಿಥಿಯಂ ಬ್ಯಾಟರಿ ಹಾಕಿಸಿಕೊಳ್ಳಿ ಎಂದು ಅವರಿಗೆ ಹೇಳಿದವನು ನಾನೇ.

ಬ್ಯಾಟರಿ ಬದಲಾದರೆ ಸೆಟ್ಟಿಂಗೂ ಬದಲಾಗಬೇಕು. ಪೂರ್ತಿ ಚಾರ್ಜಿನ ಮಿತಿಯನ್ನು ಇಪ್ಪತ್ತೆಂಟು ವೋಲ್ಟಿಗೆ ಇಳಿಸಿದೆ. ಆಮೇಲೆ ಈಕ್ವಲೈಸ್ ಎಂಬ ಸೆಟ್ಟಿಂಗಿಗೆ ಬಂದೆ. ಆಸಿಡ್ ಬ್ಯಾಟರಿಗಳನ್ನು ತಿಂಗಳಿಗೊಮ್ಮೆ ಬೇಕೆಂದೇ ಹೆಚ್ಚಿನ ವೋಲ್ಟೇಜಿನಲ್ಲಿ ಕುದಿಸಿ, ಒಳಗೆ ಕಟ್ಟಿದ ಸಲ್ಫೇಟ್ ಪೊರೆ ಬಿಡಿಸುವ ಏರ್ಪಾಡು ಅದು. ಲಿಥಿಯಮ್ಮಿಗೆ ಅದು ಕೂಡದು, ತೆಗೆದುಬಿಡುತ್ತೇನೆ ಎಂದೆ.

"ಅದೊಂದು ಬಂದ್ ಮಾಡಬ್ಯಾಡ" ಎಂದರು ಹಿಂದೆ ನಿಂತಿದ್ದ ವೈನಿ.

"ಯಾಕ್ರಿ ವೈನಿ?"

"ತಿಂಗಳಿಗೊಮ್ಮೆ ಮುಂಜಾನಿ ಹನ್ನೊಂದಕ್ಕ ಬ್ಯಾಟರಿ ಗುಳುಗುಳು ಅಂತಿದ್ವು. ಅವರು ಇದ್ದಾಗ ಆ ಹೊತ್ತಿಗೆ ಕೆಲಸ ಬಿಟ್ಟು ಇಲ್ಲೇ ಕೂತಿರ್ತಿದ್ರು. ಅವರು ಹೋದ ಮ್ಯಾಲೂ ಸದ್ದು ನಿಲ್ಲಲಿಲ್ಲ. ದೆವ್ವ ಗಿವ್ವ ನಂಬಾಕಿ ಅಲ್ಲ ನಾ. ಆದ್ರ ಆ ದಿನ ಮನ್ಯಾಗ ಯಾರೋ ಅದಾರ ಅನಸ್ತೈತಿ."

"ಈ ಬ್ಯಾಟರಿ ಕುದಿಯೂದಿಲ್ರಿ. ಸದ್ದ ಬರೂದಿಲ್ಲ."

"ಬರದಿದ್ರ ಬಿಡು. ಅವರ ಕೈಲೆ ಇಟ್ಟ ನಂಬರ್ ಅದು. ನೀ ಅಳಸಬ್ಯಾಡ."

ಬೇರೆ ಯಾವ ಗಿರಾಕಿಗಾದರೂ ನಾನು ಖಡಾಖಂಡಿತ ಆಗದು ಎನ್ನುತ್ತಿದ್ದೆ. ವೈನಿಗೆ ಹೇಳಲು ಬಾಯಿ ಬರಲಿಲ್ಲ. ವೋಲ್ಟೇಜು ಮೀರಿದರೆ ಬ್ಯಾಟರಿಯೊಳಗಿನ ಸರ್ಕ್ಯೂಟ್ ತಾನೇ ತಡೆಯುತ್ತದೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡು ಅಂಕಿಯನ್ನು ಹಾಗೇ ಬಿಟ್ಟೆ. ಮೂವತ್ತು ಪಾಯಿಂಟ್ ನಾಲ್ಕು.

ಮೂರು ವಾರದ ನಂತರ, ಆ ತಿಂಗಳ ಈಕ್ವಲೈಸ್ ದಿನ, ಫೋನ್ ಬಂತು. ವೈನಿಯ ದನಿ ಎಂದಿನಂತೆಯೇ ಇತ್ತು. "ಇನ್ವರ್ಟರ್ ಸುಟ್ಟೈತಿ. ಗಾಬರಿ ಆಗಬ್ಯಾಡ, ಬಾ."

ಗೂಡಿನ ಗೋಡೆ ಕಪ್ಪಾಗಿತ್ತು. ಸರ್ಕ್ಯೂಟ್ ನಾನು ಎಣಿಸಿದಂತೆಯೇ ಬ್ಯಾಟರಿಯನ್ನು ಬೇರ್ಪಡಿಸಿತ್ತು. ಆದರೆ ಪ್ಯಾನೆಲ್ಲಿನಿಂದ ಬರುತ್ತಿದ್ದ ಕರೆಂಟಿಗೆ ಹೋಗಲು ಜಾಗವಿಲ್ಲದೆ ವೋಲ್ಟೇಜು ಒಮ್ಮೆಲೆ ನೆಗೆದು ಇನ್ವರ್ಟರಿಗೆ ಹೊಡೆದಿತ್ತು. ವೈನಿ ಓಡಿ ಬಂದು ಪ್ಯಾನೆಲ್ಲಿನ ಸ್ವಿಚ್ ಕೆಳಗೆಳೆದಿದ್ದರು. ಕರಗಿದ ಪ್ಲಾಸ್ಟಿಕ್ ತಗುಲಿ ಬಲಗೈಯ ಅಂಗೈ ತುಂಬ ಬೊಬ್ಬೆ. ಬಟ್ಟೆ ಹೊಲಿಯುವ ಕೈ ಅದು.

ನಾನು ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ. "ನನ್ನ ತಪ್ಪು ವೈನಿ. ಇದು ಹಿಂಗ ಆಗಬಹುದಂತ ನನಗ ಗೊತ್ತಿತ್ತು. ನಿಮಗ ಇಲ್ಲ ಅನ್ನಾಕ ಆಗಲಿಲ್ಲ. ಯಾಕಂದ್ರ ಅವತ್ತು ಅಣ್ಣ ನೀರು ಕೇಳಿದ್ರು, ನಾ..."

"ಗೊತ್ತೈತಿ" ಎಂದರು ವೈನಿ. "ನೀ ನೆರಳಾಗ ಕೂತು ಫೋನ್ ಹಚ್ಚಿದ್ದಿ ಅಂತ ವಾಚ್‌ಮನ್ ಹೇಳಿದ್ದ. ಮಣ್ಣು ಮಾಡಿದ ದಿನಾನ ಹೇಳಿದ್ದ."

ಒಂದು ವರ್ಷದಿಂದ ಅವರು ನನಗೆ ಚಹಾ ಕೊಟ್ಟಿದ್ದರು, ರೊಟ್ಟಿ ಬಡಿಸಿದ್ದರು, ನನ್ನ ಮಗಳಿಗೆ ಲಂಗ ಹೊಲಿದುಕೊಟ್ಟಿದ್ದರು.

"ನೀ ಇಲ್ಲ ಅನ್ನೂದಿಲ್ಲ ಅಂತ ಗೊತ್ತಿದ್ದೇ ಕೇಳಿದ್ದೆ ನಾ" ಎಂದರು ಅವರು ಮೆಲ್ಲಗೆ. "ಅದು ನನ್ನ ತಪ್ಪು."

ಹೊರಗೆ ಕ್ಯಾಬುಗಳ ಹಾರನ್ ಕೇಳುತ್ತಿತ್ತು. ವೈನಿ ನನ್ನ ಪಕ್ಕಕ್ಕೆ ಬಂದು, ಎಡಗೈಯ ಬೆರಳಿಂದ ಕಂಟ್ರೋಲರನ್ನು ತೋರಿಸಿ, "ಯಾವುದು ಒತ್ತಬೇಕು?" ಎಂದು ಕೇಳಿದರು. ನಾನು ತೋರಿಸಿದೆ. ಅವರು ಒತ್ತಿದರು. ಈಕ್ವಲೈಸ್ ಬಂದ್ ಆಯಿತು.

ಹೊಸ ಇನ್ವರ್ಟರ್ ಕೂಡಿಸಿದೆ. ವೈನಿಯ ಅಂಗೈ ವಾಸಿಯಾಗಲು ಎರಡು ತಿಂಗಳು ಹಿಡಿಯಿತು. ಅಷ್ಟು ದಿನ ಅವರು ಕತ್ತರಿ ಹಿಡಿಯಲಿಲ್ಲ. ನಾನು ಈಗಲೂ ಅವರ ಮನೆಗೆ ಹೋಗುತ್ತೇನೆ, ಆದರೆ ಗೂಡಿನ ಬಾಗಿಲಿಗೆ ಬೆನ್ನು ಹಾಕಿ ಕೂರಲು ನನ್ನಿಂದ ಆಗುವುದಿಲ್ಲ.

ಹೋದ ಸಲ ಹೋದಾಗ ಕೇಳಿಯೇಬಿಟ್ಟೆ. "ತಿಂಗಳಿಗೊಮ್ಮೆ ಆ ದಿನ ಈಗೂ ಹಂಗ ಅನಸ್ತೈತೇನ್ರಿ ವೈನಿ, ಯಾರೋ ಅದಾರ ಅಂತ?"

ವೈನಿ ಸೂಜಿಗೆ ದಾರ ಪೋಣಿಸುತ್ತಿದ್ದರು. "ಈಗ ಸದ್ದಿಲ್ಲ, ಯಾವ ದಿನ ಅಂತ ಗೊತ್ತಾಗೂದಿಲ್ಲಲ್ಲೋ" ಎಂದರು. "ಯಾವಾಗರ ಬರ್ತಾರ."