ಜಗಳದಲ್ಲಿ ಸ್ವರ ಹುಡುಕಿದವರು

ಎದೆ ಬಿರಿಯುವಂತೆ ಹಾಡುವ ವಿರಹಗೀತೆಗಳ ಮಾತು ಬಂದಾಗಲೆಲ್ಲ ಮೊದಲು ನೆನಪಾಗುವವರು, ಈ ಅಭಿನಂದನ ಗ್ರಂಥ ಪಡೆಯುತ್ತಿರುವ, ನಾವೆಲ್ಲ ಏಣಿ ಮೇಷ್ಟ್ರು ಎಂದು ಕರೆಯುವ ಈ ಹಿರಿಯರು. ಸಾಹಿತ್ಯ ಅವರದ್ದು, ರಾಗ ಅವರದ್ದು, ರೆಕಾರ್ಡಿಂಗಿನ ಉಸ್ತುವಾರಿಯೂ ಅವರದ್ದೇ. ಯಾರೇ ಹಾಡಿರಲಿ, ಒಂಟಿ ಪಿಯಾನೊದಿಂದ ಮೆಲ್ಲಗೆ ಶುರುವಾಗಿ, ಎರಡನೆಯ ಚರಣಕ್ಕೆ ಗಿಟಾರ್ ಸೇರಿ, ಕೊನೆಯ ಪಲ್ಲವಿಗೆ ಮುನ್ನ ವಾದ್ಯಗಳೆಲ್ಲ ಒಮ್ಮೆಲೇ ಸುಮ್ಮನಾಗಿ, ಮರುಕ್ಷಣ ಡ್ರಮ್ಸ್ ಅಪ್ಪಳಿಸಿ ಶ್ರುತಿ ಏಣಿಯ ಒಂದು ಮೆಟ್ಟಿಲು ಏರಿತೆಂದರೆ, ಅದು ಯಾರ ಹಾಡೆಂದು ಬಸ್ಸಿನಲ್ಲಿ ತೂಕಡಿಸುವವನೂ ಹೇಳುತ್ತಾನೆ. ಇಪ್ಪತ್ತು ವರ್ಷ ಆ ಡ್ರಮ್ಸ್ ನುಡಿಸಿದವನು ನಾನು.

ಎಲ್ಲ ಹಾಡನ್ನೂ ಒಂದೇ ಅಚ್ಚಿನಲ್ಲಿ ಎರಕ ಹೊಯ್ಯುತ್ತಾರೆ ಎಂದು ಕೆಲವರು ಪತ್ರಿಕೆಯಲ್ಲಿ ಬರೆದರು. ಹಾಗೆ ಬರೆದವರು ನಮ್ಮ ಸ್ಟುಡಿಯೋದ ಮೆಟ್ಟಿಲು ಹತ್ತಿದವರಲ್ಲ. ಹೊಸ ಗಾಯಕರು ಬಂದರೆ ಮೇಷ್ಟ್ರು ಮೊದಲು ಹಾಡಿಸುತ್ತಿರಲಿಲ್ಲ, ಜಗಳ ಆಡಿಸುತ್ತಿದ್ದರು. ಸ್ವತಃ ಯಾರನ್ನೂ ನೋಯಿಸಲಾರದವರಾದ್ದರಿಂದ ಆ ಕೆಲಸಕ್ಕೆ ನನ್ನನ್ನು ಮುಂದೆ ಬಿಡುತ್ತಿದ್ದರು. ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕಿದ್ದ ಒಬ್ಬ ಹುಡುಗಿ ಹಾಡಲು ಬಂದ ದಿನ ಚೆನ್ನಾಗಿ ನೆನಪಿದೆ.

“ತಾಳ ಅಂದ್ರೆ ಏನು ಅಂತಾನೇ ಗೊತ್ತಿಲ್ಲ ಇವಳಿಗೆ. ವಾಪಸ್ ಕಳಿಸಿ ಸಾರ್,” ಎಂದೆ.

“ನೀನು ಹಾಸಿಗೆ ಧೂಳು ಕೊಡವೋ ಹಾಗೆ ಬಡೀತೀಯಲ್ಲಣ್ಣ, ಅದಕ್ಕೇನಂತಾರೆ?” ಎಂದಳು.

ನಾನೂ ಬಿಡಲಿಲ್ಲ. ಅವಳ ದನಿ ಏರಿ ಏರಿ ಒಂದು ಕಡೆ ಒಡೆಯಿತು. ಕಣ್ಣು ಮುಚ್ಚಿ ಕೇಳುತ್ತಿದ್ದ ಮೇಷ್ಟ್ರು ಪಿಯಾನೊ ಮೇಲೆ ಅದೇ ಸ್ವರ ಒತ್ತಿದರು. ಹಾಡಿನ ಅತಿ ಎತ್ತರದ ಸ್ವರವನ್ನು, ದನಿ ಒಡೆದ ಆ ಜಾಗಕ್ಕಿಂತ ಒಂದು ಕೂದಲೆಳೆ ಕೆಳಗೆ ತಂದು ನಿಲ್ಲಿಸಿದರು. ಒಬ್ಬೊಬ್ಬರ ಗಂಟಲಿಗೂ ಆ ಜಾಗ ಬೇರೆ. ಅಚ್ಚು ಒಂದೇ ಇದ್ದರೂ ಒಳಗಿನ ನೋವು ಹಾಡಿದವರದ್ದೇ ಆಗಿರುತ್ತಿದ್ದದ್ದು ಹೀಗೆ. ಆ ಹುಡುಗಿ ಇಂದು ಮನೆಮನೆಗೂ ಗೊತ್ತಿರುವ ಗಾಯಕಿ.

ನನಗಾಗಿ ಮೇಷ್ಟ್ರು ಮಾಡಿದ್ದನ್ನೂ ಹೇಳಬೇಕು. ಸ್ಟುಡಿಯೋ ಮಾಲೀಕರ ಮೇಲೆ ನಾನು ಕೂಗಾಡಿದೆನೆಂದು ಆ ಮಾಲೀಕರು ನನ್ನನ್ನು ಹೊರಗೆ ಹಾಕಿದ ದಿನ, ಮೇಷ್ಟ್ರು ತಮ್ಮ ಚೀಲ ಎತ್ತಿಕೊಂಡು ಬಂದು ಹೊರಗಿನ ಮೆಟ್ಟಿಲ ಮೇಲೆ ನನ್ನ ಪಕ್ಕ ಕೂತರು. ಬುದ್ಧಿವಾದ ಹೇಳಲಿಲ್ಲ. ಮಾಲೀಕರೇ ಬಂದು ಇಬ್ಬರನ್ನೂ ಒಳಗೆ ಕರೆಯುವವರೆಗೆ ಕೂತೇ ಇದ್ದರು.

ಮೇಷ್ಟ್ರದ್ದು ವಯೋಸಹಜ ವಿಶ್ರಾಂತಿ ಎಂದು ಈ ಅಭಿನಂದನಾ ಸಮಾರಂಭದ ಆಹ್ವಾನಪತ್ರಿಕೆಯಲ್ಲಿ ಅಚ್ಚಾಗಿದೆ. ಅದು ಸುಳ್ಳು. ಅವರ ಕಿವಿ ಹೋಗಿದೆ. ಕಳೆದ ವರ್ಷ ಅದೇ ಗಾಯಕಿಗೆ ಹೊಸ ಹಾಡು ಮಾಡುವಾಗಲೂ ಎಂದಿನಂತೆ ಜಗಳವಾಯಿತು, ಮೇಷ್ಟ್ರು ಸ್ವರ ಒತ್ತಿದರು. ಅದು ತೀರಾ ಮೇಲಿತ್ತು. ಅವರು ಒತ್ತಿದ ಸ್ವರವನ್ನು ಆ ಕೋಣೆಯಲ್ಲಿ ಯಾರೂ ಪ್ರಶ್ನಿಸಿದವರಲ್ಲ. ತನ್ನಲ್ಲಿ ಇನ್ನೇನೋ ಕಂಡಿದ್ದಾರೆ ಎಂದುಕೊಂಡು ಅವಳು ಹಾಡತೊಡಗಿದಳು.

“ಇನ್ನೂ ಜೋರಾಗಿ ಬರ್ಲಿ ತಾಯಿ,” ಎನ್ನುತ್ತಲೇ ಇದ್ದರು ಮೇಷ್ಟ್ರು.

ಕೊನೆಯ ಪಲ್ಲವಿಯಲ್ಲಿ ಅವಳ ಗಂಟಲಿನಿಂದ ಬರೀ ಗಾಳಿ ಬಂತು. ಗಾಜಿನ ಆಚೆ ಕತ್ತು ಹಿಡಿದು ಕುಸಿದಳು. ನಾನು ಕೋಲು ಕೆಳಗಿಟ್ಟೆ, ಎಲ್ಲರೂ ನಿಲ್ಲಿಸಿದರು. ಮೇಷ್ಟ್ರು ಮಾತ್ರ ಕಣ್ಣು ಮುಚ್ಚಿಕೊಂಡು ತೊಡೆಯ ಮೇಲೆ ತಾಳ ಹಾಕುತ್ತಲೇ ಇದ್ದರು. ನಾನು ಹೋಗಿ ಅವರ ಕೈ ಹಿಡಿಯಬೇಕಾಯಿತು. ಅಂದಿನಿಂದ ಅವರು ಸ್ಟುಡಿಯೋಗೆ ಬಂದಿಲ್ಲ.

ಆ ಹಾಡು ಅರ್ಧಕ್ಕೇ ಇದೆ. “ಅವರ ಶೈಲಿ ಎಲ್ರಿಗೂ ಗೊತ್ತಲ್ಲ, ನೀವೇ ಮುಗಿಸಿ, ಸಮಾರಂಭದಲ್ಲಿ ಹಾಕೋಣ,” ಎಂದರು ಸಮಿತಿಯವರು. ನಾನು ಅವರಿಗೆ ಕೊಟ್ಟ ಉತ್ತರ ಅಭಿನಂದನ ಗ್ರಂಥದಲ್ಲಿ ಅಚ್ಚಾಗುವಂಥದ್ದಲ್ಲ.

ಹೋದ ತಿಂಗಳು ಗಾಯಕಿಯನ್ನು ಮೇಷ್ಟ್ರ ಮನೆಗೆ ಕರೆದುಕೊಂಡು ಹೋಗಿದ್ದೆ. ಅವಳೀಗ ಮಾತಾಡುತ್ತಾಳೆ, ಹಾಡಲು ಇನ್ನೂ ವೈದ್ಯರು ಬಿಟ್ಟಿಲ್ಲ. ಕಿವಿಗೆ ಕೇಳದ್ದು ಕೈಗಾದರೂ ತಿಳಿಯಲಿ ಎಂದು ಅವಳು ಅವರ ಅಂಗೈಯನ್ನು ತನ್ನ ಗಂಟಲ ಮೇಲೆ ಇಟ್ಟುಕೊಂಡು ಬೈಯತೊಡಗಿದಳು.

“ಕಿವಿ ಕೇಳ್ಸಲ್ಲ ಅಂತ ಒಂದ್ಮಾತು ಹೇಳಕ್ಕೇನಾಗಿತ್ತು ಸಾರ್? ನಾವೇನು ಹೊರಗಿನವರಾ?”

ಮೇಷ್ಟ್ರು ಬಹಳ ಹೊತ್ತು ಕೈ ತೆಗೆಯಲಿಲ್ಲ. ಆಮೇಲೆ, “ನಡುಗ್ತಾ ಇದೆ ಅಷ್ಟೇ ಕಣಮ್ಮ. ಯಾವ ಸ್ವರ ಅಂತ ಗೊತ್ತಾಗ್ತಿಲ್ಲ,” ಎಂದರು.

ಅವಳು ಕಾಗದದ ಮೇಲೆ, ಮುಂದಿನ ವಾರ ಮತ್ತೆ ಬರ್ತೀನಿ ಎಂದು ಬರೆದು ತೋರಿಸಿದಳು. ಪ್ರತಿ ವಾರ ಹೋಗುತ್ತಿದ್ದಾಳೆ. ಅವರ ಅಂಗೈಗೆ ಸ್ವರ ಇನ್ನೂ ಗೊತ್ತಾಗಿಲ್ಲ.

ಕಿವಿಯನ್ನೇ ವಿಧಿ ಕಸಿದುಕೊಂಡ ಮೇಲೆ ನೂರು ವರ್ಷ ಬಾಳಿ ಎಂದು ಹಾರೈಸಲು ನನಗೆ ಬಾಯಿ ಬರುವುದಿಲ್ಲ. ಆದರೆ ಒಂದು ಗಂಟಲು ವಾಸಿಯಾಗಲು, ಒಂದು ಅಂಗೈ ಕಲಿಯಲು ಕಾಲ ಬೇಕು. ಅಷ್ಟು ಆಯುಷ್ಯ, ಅಷ್ಟು ಆರೋಗ್ಯ ಮೇಷ್ಟ್ರಿಗೆ ಸಿಗಲಿ, ಅವರ ಕೆಲಸ ಅವರ ಕೈಯಲ್ಲೇ ಮುಗಿಯಲಿ. ಅಷ್ಟಾಗದಿದ್ದರೆ ಆ ಹಾಡು ನಿಂತಲ್ಲೇ ನಿಂತಿರಲಿ, ಇನ್ನೊಬ್ಬರು ಮುಟ್ಟುವುದು ಬೇಡ.