ದೊಡ್ಡವ್ವ ಹೇಳಿಸಿದ ಮಾತು

ದೊಡ್ಡವ್ವನ ಬಲ ಮುಂಗೈಯಲ್ಲಿ ಒಂದೇ ಒಂದು ಕೂದಲಿರಲಿಲ್ಲ. ಮೊಣಕೈಯಿಂದ ಮಣಿಕಟ್ಟಿನವರೆಗೆ ಚರ್ಮ ಹುಣಸೆಬೀಜದ ಹಾಗೆ ಕಂದಾಗಿ, ನುಣುಪಾಗಿ ಹೊಳೆಯುತ್ತಿತ್ತು. ಅಲ್ಲಲ್ಲಿ ಕಾದ ಮರಳು ಸಿಡಿದ ಬಿಳಿ ಚುಕ್ಕೆಗಳಿದ್ದವು. ಎಡಗೈ ಮಾತ್ರ ಬೇರೆ ಯಾರದೋ ಎನ್ನುವಷ್ಟು ಸಾದಾ. ದಾವಣಗೆರೆಯ ಮಂಡಕ್ಕಿ ಭಟ್ಟಿಯೊಂದರಲ್ಲಿ ಬೆಂಕಿಯ ಮುಂದೆ ನಿಂತು ವರ್ಷಾನುಗಟ್ಟಲೆ ಅಕ್ಕಿ ಹುರಿದ ಕೈ ಅದು.

ಅವಳ ಮನೆಯ ಗೋಡೆಗೆ ಹೊಂದಿಕೊಂಡ ಬಾಡಿಗೆ ಮನೆಯಲ್ಲಿ ನಾವಿದ್ದೆವು. ಅವಳ ಒಬ್ಬಳೇ ಮಗಳು ಶಶಿ ನನ್ನ ಓರಗೆಯವಳು, ಶಾಲೆಯಲ್ಲಿ ಒಂದೇ ಬೆಂಚು. ರಕ್ತಸಂಬಂಧವೇನೂ ಇರದಿದ್ದರೂ ಶಶಿಯ ಅವ್ವನನ್ನು ನಾನು ದೊಡ್ಡವ್ವ ಎನ್ನುತ್ತಿದ್ದೆ. ಗಂಡ ಬೇಗ ತೀರಿಕೊಂಡಿದ್ದ. ಅವಳದು ಮಾತು ಕಡಿಮೆ, ಸಿಟ್ಟು ಜಾಸ್ತಿ. ಬೆಳಗ್ಗೆ ನಮ್ಮಿಬ್ಬರನ್ನೂ ಮುಂದೆ ಕೂರಿಸಿಕೊಂಡು, ಹುಬ್ಬು ಮೇಲೇರುವ ಹಾಗೆ ಬಿಗಿಯಾಗಿ ಜಡೆ ಹೆಣೆಯುತ್ತಿದ್ದಳು. ಅಲುಗಾಡಿದರೆ ಬಾಚಣಿಗೆಯಿಂದಲೇ ತಲೆಗೆ ಒಂದು ಬೀಳುತ್ತಿತ್ತು.

ರಜೆಯಲ್ಲಿ ನಾವು ಭಟ್ಟಿಗೆ ಹೋಗಿ ಬಾಗಿಲ ಹತ್ತಿರ ಕೂರುತ್ತಿದ್ದೆವು. ಉಪ್ಪು ಹಚ್ಚಿದ ಅಕ್ಕಿಯನ್ನು ಕಾದ ಮರಳಿಗೆ ಸುರಿದೊಡನೆ ದೊಡ್ಡವ್ವ ತಲೆ ವಾಲಿಸಿ ನಿಲ್ಲುತ್ತಿದ್ದಳು. "ಸುಮ್ನಿರ್ರೇ ಒಂಚೂರು, ಅಕ್ಕಿ ಮಾತಾಡ್ತೈತೆ" ಎನ್ನುತ್ತಿದ್ದಳು. ಚಟಪಟ ಸದ್ದು ಯಾವುದೋ ಒಂದು ಹದಕ್ಕೆ ಬಂದ ಕ್ಷಣವೇ ಎಲ್ಲವನ್ನೂ ಜರಡಿಗೆ ಎಳೆಯುತ್ತಿದ್ದಳು. ಒಂದು ಕಾಳೂ ಸೀಯುತ್ತಿರಲಿಲ್ಲ. ನಮ್ಮ ಲಂಗದ ಮಡಿಲಿಗೆ ಬಿಸಿ ಮಂಡಕ್ಕಿ ಸುರಿದು, "ಇನ್ನ ಮನೀಗೆ ಹೋಗ್ರಿ. ಚಾನಲ್ ಕಡೆ ಕಾಲಿಟ್ಟೀರಿ ಅಂದ್ರೆ ಇಬ್ಬರ ಕಾಲೂ ಮುರಿತೀನಿ" ಎಂದು ಕಳಿಸುತ್ತಿದ್ದಳು.

ಚಾನಲ್ ಅಂದರೆ ಭದ್ರಾ ನಾಲೆ. ಊರಾಚೆ, ಬಾತಿ ಹಳ್ಳಿಯ ದಿಕ್ಕಿಗೆ, ನಮ್ಮ ಮನೆಯಿಂದ ಅರ್ಧ ತಾಸಿನ ನಡಿಗೆ. ಬೇಸಿಗೆಯ ಭತ್ತಕ್ಕೆ ನೀರು ಬಿಟ್ಟಾಗ ದಡದಿಂದ ದಡಕ್ಕೆ ತುಂಬಿ, ಸದ್ದೇ ಇಲ್ಲದೆ ವೇಗವಾಗಿ ಹರಿಯುತ್ತಿತ್ತು. ಇಳಿಜಾರಾದ ಸಿಮೆಂಟಿನ ಪಕ್ಕಗಳಿಗೆಲ್ಲ ಪಾಚಿ. ಒಂದು ಕಡೆ ಅಡ್ಡಲಾಗಿ ದಪ್ಪ ಕಬ್ಬಿಣದ ಪೈಪು ಹಾದುಹೋಗಿತ್ತು. ಅದರ ಮೇಲೆ ನಡೆದು ಆಚೆ ದಡ ಮುಟ್ಟಿ ಬಂದ ಹುಡುಗರು ಶಾಲೆಯಲ್ಲಿ ಎದೆಯುಬ್ಬಿಸಿಕೊಂಡು ತಿರುಗುತ್ತಿದ್ದರು.

ಏಳನೇ ತರಗತಿ ಮುಗಿದ ಬೇಸಿಗೆ, ನಾವೂ ದಾಟೋಣ ಎಂದವಳು ನಾನು. ಶಶಿ ಬ್ಯಾಡ ಅಂದಳು. ಎರಡು ದಿನ ಅವಳ ಬೆನ್ನು ಬಿದ್ದೆ. ಮೂರನೆಯ ದಿನ ಮಧ್ಯಾಹ್ನ ಇಬ್ಬರೂ ಹೋದೆವು. ಮೊದಲು ನಾನು ಹತ್ತಿದೆ. ಪೈಪು ಸುಡುತ್ತಿತ್ತು. ಕೈ ಅಗಲಿಸಿಕೊಂಡು, ಕೆಳಗೆ ನೋಡದೆ, ಉಸಿರು ಬಿಗಿಹಿಡಿದು ದಾಟಿಬಿಟ್ಟೆ. ಆಚೆ ದಡದಲ್ಲಿ ನಿಂತಾಗ ಆದ ಹಿಗ್ಗು ಇವತ್ತಿಗೂ ನೆನಪಿದೆ. ನೆನಪಾದಾಗಲೆಲ್ಲ ನಾಚಿಕೆಯಾಗುತ್ತದೆ.

ಶಶಿ ಈಚೆಯೇ ನಿಂತಿದ್ದಳು. "ನೀನೇ ವಾಪಸ್ ಬಾ, ನಾ ಒಲ್ಲೆ" ಎಂದು ಕೂಗಿದಳು.

"ಹೆದರುಪುಕ್ಲಿ! ನಾಳೆ ಎಲ್ಲರಿಗೂ ಹೇಳ್ತೀನಿ ನೋಡು" ಎಂದೆ ನಾನು.

ಅವಳು ಹತ್ತಿದಳು. ನಡುವಿನವರೆಗೆ ಬಂದು, ಕೆಳಗೆ ನೋಡಿ, ಕೂತುಬಿಟ್ಟಳು. ಪೈಪನ್ನು ಎರಡೂ ಕೈಯಲ್ಲಿ ತಬ್ಬಿಕೊಂಡು ಅಳತೊಡಗಿದಳು. ಹಾಗೇ ಕೂತಿರು, ಯಾರನ್ನಾದರೂ ಕರೀತೀನಿ ಎಂದು ನಾನು ಹೇಳಬೇಕಿತ್ತು. "ಏಳು, ಇನ್ನೇನು ಬಂತು" ಎಂದೆ. ನನ್ನ ಮಾತು ಕೇಳಿ ಎದ್ದಳು. ಕಾಲು ಜಾರಿತು.

ಎಮ್ಮೆ ಮೈ ತೊಳೆಯುತ್ತಿದ್ದ ಇಬ್ಬರು ಗಂಡಸರು ನನ್ನ ಚೀರಾಟ ಕೇಳಿ ಧುಮುಕಿದರು. ಸಿಗಲಿಲ್ಲ. ಮರುದಿನ ಬೆಳಗ್ಗೆ ನಾಲೆಯ ಕೆಳಗಿನ ಗೇಟಿನ ಹತ್ತಿರ ಸಿಕ್ಕಳು.

ಅವಳು ಬಿದ್ದ ದಿನವೇ ದೊಡ್ಡವ್ವ ಭಟ್ಟಿಯಿಂದ ಓಡಿ ಬಂದಿದ್ದಳು. ಸೊಂಟಕ್ಕೆ ಸಿಕ್ಕಿಸಿದ ಸೆರಗು ಹಾಗೇ ಇತ್ತು, ಬರಿಗಾಲು. ನೆರೆದವರನ್ನೆಲ್ಲ ಸರಿಸಿ ನನ್ನ ಭುಜ ಹಿಡಿದು ಅಲುಗಾಡಿಸಿದಳು. "ಯಾಕ ಹತ್ತಿದ್ಲು? ಹೇಳು, ಯಾಕ ಹತ್ತಿದ್ಲು?"

"ಬ್ಯಾಡ ಅಂದೆ ದೊಡ್ಡವ್ವ. ಅವಳೇ ಹಟ ಮಾಡಿದ್ಲು" ಎಂದೆ.

ಯಾರೂ ಅನುಮಾನಿಸಲಿಲ್ಲ. ನನ್ನವ್ವ ನನ್ನನ್ನು ತಬ್ಬಿಕೊಂಡು ಅತ್ತಳು.

ಆ ಒಂದು ಮಾತು ಏನು ಮಾಡಿತು ಎಂಬುದನ್ನು ಮೂರು ವರ್ಷ ಪಕ್ಕದ ಮನೆಯಿಂದ ನೋಡಿದೆ. ದೊಡ್ಡವ್ವನ ದುಃಖ ಸಿಟ್ಟಾಯಿತು. ಸತ್ತ ಮಗಳ ಮೇಲೆ ಸಿಟ್ಟು. "ಹೇಳಿದ ಮಾತು ಕೇಳಲಿಲ್ಲ ಮುಂಡೇದು. ಗೆಳತಿ ಬ್ಯಾಡ ಅಂದ್ರೂ ಕೇಳಲಿಲ್ಲ" ಎಂದು ಭಟ್ಟಿಯಲ್ಲಿ, ಓಣಿಯಲ್ಲಿ, ತವರಾದ ಆನಗೋಡಿನಲ್ಲಿ ಹೇಳಿಕೊಂಡು ತಿರುಗಿದಳು. ಮಗಳ ಫೋಟೋವನ್ನು ಗೋಡೆಗೆ ಹಾಕಲಿಲ್ಲ, ಟ್ರಂಕಿನ ತಳಕ್ಕೆ ಹಾಕಿದಳು. ವರ್ಷದ ಎಡೆಯನ್ನೂ ಇಡಲಿಲ್ಲ. ಓಣಿಯ ತಾಯಂದಿರು ತಮ್ಮ ಮಕ್ಕಳಿಗೆ "ಶಶಿ ಹಂಗೆ ಮಾತು ಮೀರಬ್ಯಾಡ" ಎನ್ನತೊಡಗಿದರು. ದೊಡ್ಡವ್ವನಿಗೆ ನನ್ನ ಮೇಲೆ ಮಾತ್ರ ಮೊದಲಿಗಿಂತ ಹೆಚ್ಚು ಅಕ್ಕರೆ. ದಿನಾ ಬೆಳಗ್ಗೆ ಕರೆದು ಜಡೆ ಹಾಕುತ್ತಿದ್ದಳು. ಈಗ ಬಿಗಿಯಾಗಿ ಎಳೆಯುತ್ತಿರಲಿಲ್ಲ.

ಹತ್ತನೆಯ ತರಗತಿಯ ಫಲಿತಾಂಶ ಬಂದ ದಿನ ಸಕ್ಕರೆ ಹಿಡಿದುಕೊಂಡು ಬಂದಳು. ನನ್ನ ಬಾಯಿಗೆ ಹಾಕಿ ತಲೆ ಸವರಿ, "ನಿನ್ನಂಗೆ ಮಾತು ಕೇಳೋಳಾಗಿದ್ರೆ ಅವಳೂ ಇವತ್ತು ಪಾಸಾಗಿರ್ತಿದ್ಲು" ಎಂದಳು. ಅವಳ ಹಿಂದೆಯೇ ಅವಳ ಮನೆಗೆ ಹೋಗಿ, ಬಾಗಿಲು ಮುಂದೆ ಮಾಡಿ, ಎಲ್ಲವನ್ನೂ ಹೇಳಿದೆ. ಬೆನ್ನು ಬಿದ್ದದ್ದು, ಹೆದರುಪುಕ್ಲಿ ಅಂದದ್ದು, ಏಳು ಅಂದದ್ದು.

ಹೊಡೆಯುತ್ತಾಳೆಂದುಕೊಂಡಿದ್ದೆ. ಹೊಡೆಯಲಿಲ್ಲ. ಗೋಡೆ ಹಿಡಿದು ಮೆಲ್ಲಗೆ ಕೂತಳು. "ಮೂರು ವರ್ಷ ನನ್ನ ಕೈಲಿ ನನ್ನ ಮಗಳನ್ನ ಬೈಸಿದೆಲ್ಲ" ಎಂದಳು. ಆಮೇಲೆ, "ಹೋಗು. ನಾ ಕರಿಯೋ ತನಕ ಬರಬ್ಯಾಡ."

ಸಂಜೆ ಅವಳ ಮನೆಯ ಮುಂದೆ ಹಾದುಹೋಗುವಾಗ ಕಂಡಿತು: ಗೋಡೆಯ ಮೇಲೆ ಶಶಿಯ ಫೋಟೋ, ಕೆಳಗೆ ನೆಲದ ಮೇಲೆ ದೊಡ್ಡವ್ವ.

ಎಂಟು ತಿಂಗಳು ಅವಳು ನನ್ನ ಮುಖ ನೋಡಲಿಲ್ಲ. ಸಂಕ್ರಾಂತಿ ಕಳೆದ ಒಂದು ಭಾನುವಾರ ನಮ್ಮ ಬಾಗಿಲಿಗೆ ಬಂದು, "ಬಾ. ನಾನು ಯಾರ್ಯಾರ ಮುಂದೆ ಅವಳನ್ನ ಬೈದೀನೋ, ಅವರ ಮುಂದೆಲ್ಲ ನೀನು ಖರೇ ಹೇಳಬೇಕು" ಎಂದಳು.

ನನ್ನವ್ವ ಅಡ್ಡ ಬಂದಳು. "ಆಗಿದ್ದು ಆಗೋಯ್ತು ಬಿಡ್ರಿ ಅಕ್ಕಾ. ಬೆಳೆದ ಹುಡುಗಿ, ಈಗ್ಯಾಕ ಬೀದಿಗೆ ತರ್ತೀರಿ?"

"ನನ್ನ ಮಗಳು ಬೀದ್ಯಾಗೇ ಅದಾಳೆ. ಅವಳನ್ನ ಒಳಗ ಕರಕಂಡು ಬರಬೇಕು" ಎಂದಳು ದೊಡ್ಡವ್ವ. ಅವ್ವ ಬಾಗಿಲು ಬಿಟ್ಟು ಸರಿದಳು.

ಮೂಲೆಮನೆಯಿಂದ ಶುರುವಾಯಿತು. ಪ್ರತಿ ಮನೆಯಲ್ಲೂ ಬಾಗಿಲ ಪಕ್ಕ ನಿಂತು "ಹೇಳು" ಎನ್ನುತ್ತಿದ್ದಳು, ಅಷ್ಟೇ. ನಾನು ಹೇಳುತ್ತಿದ್ದೆ. ಕೆಲವರು ಉಗಿದರು. ಒಬ್ಬಾಕೆ ನೀರು ಕೊಟ್ಟಳು. ಭಟ್ಟಿಯಲ್ಲಿ ಜರಡಿ ಹಿಡಿದ ಹೆಂಗಸರೆಲ್ಲ ಕೈ ನಿಲ್ಲಿಸಿ ಕೇಳಿದರು. ಅಲ್ಲಿ ಹೇಳಿ ಮುಗಿಸಿ ಹೊಟ್ಟಿನ ಚೀಲದ ಮೇಲೆ ಕೂತೆ. ದೊಡ್ಡವ್ವ ಕಾದಳು. ನಾನು ಏಳುವವರೆಗೆ ಕಾದು, ಮುಂದಿನ ಮನೆಗೆ ನಡೆದಳು.

ಮರುವಾರ ಬಸ್ಸಿನಲ್ಲಿ ಆನಗೋಡಿಗೆ. ಅಲ್ಲಿ ಶಶಿಯ ಅಜ್ಜಿಗೆ ಕಿವಿ ಸರಿಯಾಗಿ ಕೇಳುತ್ತಿರಲಿಲ್ಲ. ಮೆಲ್ಲಗೆ ಹೇಳಿದ್ದು ಅವಳಿಗೆ ತಲುಪಲಿಲ್ಲ. "ಏನಂತಾಳೆ?" ಎಂದು ಮಗಳ ಮುಖ ನೋಡಿದಳು. ದೊಡ್ಡವ್ವ ನನ್ನತ್ತ ಕೈ ತೋರಿದಳು. ಕೊನೆಗೆ ನಾನು ಅಂಗಳದಲ್ಲಿ ನಿಂತು ಕೂಗಿ ಹೇಳಬೇಕಾಯಿತು. "ಶಶಿ ಬ್ಯಾಡ ಅಂದಿದ್ಲು ಅಜ್ಜಿ! ನಾನೇ ಕರಕಂಡು ಹೋದೆ! ನಾನೇ ಏಳು ಅಂದೆ!" ಅಕ್ಕಪಕ್ಕದವರೆಲ್ಲ ಹೊರಗೆ ಬಂದು ನಿಂತರು. ಮುದುಕಿ ನನ್ನನ್ನೇ ದಿಟ್ಟಿಸಿ, ಆಮೇಲೆ ಮಗಳತ್ತ ತಿರುಗಿ, "ಹಂಗಾದ್ರೆ ನಮ್ಮ ಕೂಸಿಂದು ತಪ್ಪಿಲ್ಲ" ಎಂದಳು. ದೊಡ್ಡವ್ವ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಗೋಳಾಡಿದಳು. ಮಗಳು ಹೋದ ದಿನವೂ ಅವಳು ಹಾಗೆ ಅತ್ತದ್ದನ್ನು ನಾನು ನೋಡಿರಲಿಲ್ಲ.

ವಾಪಸು ಬರುವಾಗ ಬಸ್ಸಿನಲ್ಲಿ, "ಸಾಕು. ಇನ್ನ ಎಲ್ಲೂ ಹೇಳಬ್ಯಾಡ" ಎಂದಳು. ಮುಂದೆ ತಾನಾಗಿ ಆ ವಿಷಯ ಒಮ್ಮೆಯೂ ಎತ್ತಲಿಲ್ಲ. ಕ್ಷಮಿಸಿದ್ದೇನೆ ಎಂದೂ ಹೇಳಲಿಲ್ಲ. ನಾನೂ ಕೇಳಲಿಲ್ಲ.

ಓದು ಮುಗಿದು, ಹರಿಹರದ ಶಾಲೆಯೊಂದರಲ್ಲಿ ಕೆಲಸ ಸಿಕ್ಕಿ, ಅಲ್ಲಿಯೇ ಮದುವೆಯಾಗಿ ನೆಲೆಸಿದೆ. ದೊಡ್ಡವ್ವ ವರ್ಷಕ್ಕೊಮ್ಮೆ ಚೀಲದ ತುಂಬ ಮಂಡಕ್ಕಿ ಹೊತ್ತು ಬರುತ್ತಿದ್ದಳು. ಹಾಗೆ ಬಂದಾಗ ಒಮ್ಮೆ, ಹೊಳೆ ನೋಡಬೇಕು ಎಂದಳು. ತುಂಗಭದ್ರೆಯ ಮೆಟ್ಟಿಲ ಮೇಲೆ ಕೂತು, ಸೀರೆ ಮೇಲೆತ್ತಿ, ಕಾಲನ್ನು ನೀರಿಗೆ ಇಳಿಬಿಟ್ಟಳು. ನನ್ನ ಆರು ವರ್ಷದ ಮಗಳು ಮುಂದಕ್ಕೆ ಹೋಗುತ್ತಿದ್ದಳು. "ಬ್ಯಾಡ, ಬಾ ಇಲ್ಲಿ" ಎಂದು ಗದರಿದೆ.

"ಈಜು ಕಲಿಸು" ಎಂದಳು ದೊಡ್ಡವ್ವ ನೀರನ್ನೇ ನೋಡುತ್ತ. "ನಾನೂ ಬ್ಯಾಡ ಅಂತಷ್ಟೇ ಹೇಳಿದ್ದೆ."

ಆ ಬೇಸಿಗೆಯಲ್ಲೇ ಮಗಳನ್ನು ದಾವಣಗೆರೆಯ ಈಜುಕೊಳಕ್ಕೆ ಸೇರಿಸಿದೆ. ಅವಳ ಜೊತೆ ಮೂವತ್ತು ದಾಟಿದ ನಾನೂ ಕಲಿತೆ.

ಭಟ್ಟಿಯ ಹೊಗೆ ಕೊನೆಗೆ ದೊಡ್ಡವ್ವನ ಎದೆಯಲ್ಲಿ ಕೂತಿತು. ಕಳೆದ ವರ್ಷ ದಾವಣಗೆರೆಯ ಆಸ್ಪತ್ರೆಗೆ ಸೇರಿಸಿದ್ದರು. ಹರಿಹರದಿಂದ ದಿನಾ ಹೋಗಿ ಬರುತ್ತಿದ್ದೆ. ಹಾಸಿಗೆಯ ಪಕ್ಕ ಕೂತು ನಾನು ಅವಳ ತಲೆ ಬಾಚುತ್ತಿರುವಾಗ ಹೊಸದಾಗಿ ಡ್ಯೂಟಿಗೆ ಬಂದ ನರ್ಸ್, "ಮಗಳೇನಮ್ಮಾ?" ಎಂದು ಕೇಳಿದಳು. ಹೌದು ಎಂದುಬಿಡಲು ನನ್ನ ಬಾಯಿ ತೆರೆದಿತ್ತು. ದೊಡ್ಡವ್ವ ಆಕ್ಸಿಜನ್ ಮಾಸ್ಕ್ ಸರಿಸಿದಳು.

"ಅಲ್ಲ. ನನ್ನ ಮಗಳ ಗೆಳತಿ."

ಎರಡು ದಿನದ ನಂತರ ತೀರಿಕೊಂಡಳು. ಮಣ್ಣಿಗೆ ಆನಗೋಡಿಗೆ ಒಯ್ದರು. ಅಲ್ಲಿ ನನ್ನ ಗುರುತಿರದ ಒಬ್ಬ ಹೆಂಗಸು, ನೀವು ಇವರಿಗೆ ಏನಾಗಬೇಕು ಎಂದು ಕೇಳಿದಳು. ದೊಡ್ಡವ್ವ ಹೇಳಿದ್ದನ್ನೇ ಹೇಳಿ, ಒಂದು ಹಿಡಿ ಮಣ್ಣು ಹಾಕಿ ಬಂದೆ.